ಎರಡನೇ ನಂಬರಿಲ್ಲದ ಪಟ್ಟಿ

ನಮ್ಮ ಮನೆಗೆ ಹುಳಿ ಹಿಂಡಿದ್ದು ನಾನು ಬರೆದ ನಾಲ್ಕು ಸಾಲಿನ ಒಂದು ಕ್ವೆರಿ. ಇದನ್ನು ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕೂಡಿದ ಮನೆ ಒಡೆಯುವುದಕ್ಕೆ ಅವರಿಗೆ ಗೊತ್ತಿರುವ ಕಾರಣಗಳೇ ಬೇರೆ: ಹೊಲದ ಬದು, ಬಂಗಾರದ ಸರ, ಹೊಸ ಸೊಸೆಯ ಬಾಯಿ. ಕಂಪ್ಯೂಟರಿಗೆ ಕೇಳಿದ ಒಂದು ಪ್ರಶ್ನೆಯಿಂದ ಒಲೆ ಎರಡಾಗುವ ಹೊತ್ತು ಬಂದಿತ್ತು ಎಂದರೆ, "ಇಕಿಗೆ ಓದಿಸಿದ್ದ ಹೆಚ್ಚಾತು" ಅಂದಾರು.

ನಾನು ಕೊಪ್ಪಳದ ಒಂದು ಖಾಸಗಿ ಡೇರಿಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಳ್ಳಿಗಳಲ್ಲಿ ನಮ್ಮ ಹಾಲಿನ ಕೇಂದ್ರಗಳಿವೆ. ಯಾರು ಎಷ್ಟು ಹಾಲು ಹಾಕಿದರು, ಅದರಲ್ಲಿ ಫ್ಯಾಟು ಎಷ್ಟಿತ್ತು, ಅಂದರೆ ಹಾಲು ಎಷ್ಟು ಗಟ್ಟಿ ಇತ್ತು ಎಂಬುದು ಬೆಳಿಗ್ಗೆ ಸಂಜೆ ನನ್ನ ಡೇಟಾಬೇಸಿಗೆ ಬಂದು ಬೀಳುತ್ತದೆ. ಆ ರಾಶಿಗೆ ಪ್ರಶ್ನೆ ಕೇಳಿ ಉತ್ತರ ತೆಗೆಯುವ ಭಾಷೆಯ ಹೆಸರು ಎಸ್‌ಕ್ಯೂಎಲ್. ಕೇಳುವ ಪ್ರಶ್ನೆಗೆ ಕ್ವೆರಿ ಅನ್ನುತ್ತೇವೆ. ನಮ್ಮ ಸಾಹೇಬರು ಮಾತ್ರ ಎರಡಕ್ಕೂ "ಡೇಟಾಬೇಸು" ಅನ್ನುತ್ತಾರೆ. ಡೇಟಾಬೇಸಿನಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂದು ನಂಬಿದ ಮನುಷ್ಯ. ಈ ನಂಬಿಕೆ ಮುಂದೆ ನನ್ನ ಉಪಯೋಗಕ್ಕೆ ಬಂತು.

ಈ ಭಾಷೆಯಲ್ಲಿ ವಿಂಡೋ ಫಂಕ್ಷನ್ ಅಂತ ಒಂದು ಸೌಕರ್ಯವಿದೆ. ಕಲಿಸಿದ ಸರ್ ಬೋರ್ಡಿನ ತುಂಬ ಚೌಕ ಬರೆದರೂ ನನ್ನ ತಲೆಗೆ ಹೋಗಿರಲಿಲ್ಲ. ಕೊನೆಗೆ ತಿಳಿದದ್ದು ನಮ್ಮೂರ ಮದುವೆ ಊಟದಿಂದ. ನಮ್ಮ ಕಡೆ ಊಟಕ್ಕೆ ಹೇಳುವುದರಲ್ಲಿ ಎರಡು ಬಗೆ. "ಮನಿಗೊಬ್ರು ಬರ್ರಿ" ಅಂದರೆ ಮನೆಯವರೆಲ್ಲರ ಪರವಾಗಿ ಒಬ್ಬ ಬಂದು ಉಂಡು ಹೋಗಬೇಕು. "ಒಲಿ ಹಚ್ಚಬ್ಯಾಡ್ರಿ" ಅಂದರೆ ಹಲ್ಲಿಲ್ಲದ ಮುದುಕಿಯಿಂದ ಹಲ್ಲು ಬರದ ಕೂಸಿನವರೆಗೆ ಎಲ್ಲರೂ ಬರಬೇಕು. ಗ್ರೂಪ್ ಬೈ ಎಂಬುದು ಮೊದಲನೆಯ ಬಗೆ. ಇಡೀ ಕುಷ್ಟಗಿ ತಾಲೂಕಿನ ಪರವಾಗಿ ಒಂದೇ ಸಾಲು ಎದ್ದು ಬಂದು "ನಮ್ಮದು ಸರಾಸರಿ ಇಷ್ಟು" ಎಂದು ಹೇಳಿ ಹೋಗುತ್ತದೆ. ಉಳಿದವರು ಮನೆಯಲ್ಲಿ ಉಪವಾಸ. ವಿಂಡೋ ಫಂಕ್ಷನ್ ಒಲೆ ಹಚ್ಚಬೇಡಿ ಎನ್ನುವ ಬಗೆ. ಎಲ್ಲರೂ ಬಂದು ಕೂರುತ್ತಾರೆ, ಒಬ್ಬರ ಸಾಲೂ ಕಳೆಯುವುದಿಲ್ಲ. ಯಾವ ತಾಲೂಕಿನವರು ಯಾವ ಪಂಕ್ತಿ ಎಂದು ಹೇಳುವುದು ಪಾರ್ಟಿಷನ್ ಬೈ, ಪಂಕ್ತಿಯಲ್ಲಿ ಯಾರ ಮುಂದೆ ಯಾರು ಎಂದು ಹೇಳುವುದು ಆರ್ಡರ್ ಬೈ. ಆಮೇಲೆ ಒಬ್ಬ ಬಂದು ಪ್ರತಿಯೊಬ್ಬರ ಎಲೆಯ ಪಕ್ಕ ಒಂದು ನಂಬರು ಬರೆದು ಹೋಗುತ್ತಾನೆ. ಅವನು ರೋ ನಂಬರ್. ಮುಖ ನೋಡುವವನಲ್ಲ. ಇಬ್ಬರು ಎಲ್ಲದರಲ್ಲೂ ಸರಿಸಮ ಇದ್ದರೂ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಎರಡು ಹಾಕಿಯೇ ತೀರುತ್ತಾನೆ. ಯಾರಿಗೆ ಯಾವುದು ಎಂಬುದು ಆ ಹೊತ್ತಿನ ಅವನ ಮರ್ಜಿ.

ಇನ್ನು ನಮ್ಮ ಮನೆ. ಇರಕಲ್ಲಗಡದ ಹತ್ತಿರದ ಒಂದು ಹಳ್ಳಿ. ಅಪ್ಪ, ದೊಡ್ಡಪ್ಪ, ಅವ್ವ, ದೊಡ್ಡವ್ವ, ಒಂದು ಒಲೆ. ದೊಡ್ಡಪ್ಪನಿಗೆ ಮಕ್ಕಳಿಲ್ಲ, ಹಾಗಾಗಿ ನನ್ನನ್ನು ಬೈಯುವ ಕೆಲಸವನ್ನು ಇಬ್ಬರು ತಾಯಂದಿರು ಹಂಚಿಕೊಂಡಿದ್ದರು. ನೆಗೆಣ್ಣಿಯರೆಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಎಂದು ಊರು ಹೇಳುತ್ತದೆ. ನಮ್ಮವ್ವ ದೊಡ್ಡವ್ವ ಮಾತ್ರ ಒಂದೇ ಕತ್ತಿ, ನಾನು ಬದನೆಕಾಯಿ.

ಇಬ್ಬರಿಗೂ ಒಂದೊಂದು ಎಮ್ಮೆ. ದೊಡ್ಡವ್ವನದು ಮನೆಯಲ್ಲೇ ಹುಟ್ಟಿದ್ದು. ಅವ್ವನದು ಕುಷ್ಟಗಿ ಕಡೆಯ ಅವಳ ತವರಿನಿಂದ ಬಂದದ್ದು. ನನ್ನ ಸೋದರಮಾವ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕೊರಳಿಗೆ ಗಂಟೆ ಕಟ್ಟಿ ತಂದು ನಿಲ್ಲಿಸಿದಾಗ ಅವ್ವ ಓಣಿಯಲ್ಲೆಲ್ಲ ಕರೆದು ತೋರಿಸಿದ್ದಳು. ಹಾಲಿನ ಕೇಂದ್ರದಲ್ಲಿ ಇಬ್ಬರ ಹೆಸರಿನಲ್ಲೂ ಒಂದೊಂದು ಕಾರ್ಡು. ಆದರೆ ಹಿಂಡಿದ ಹಾಲು ಬೀಳುವುದು ಒಂದೇ ಬೋಗುಣಿಗೆ. ಅಲ್ಲಿಂದ ಎರಡು ಕ್ಯಾನಿಗೆ ಸಮನಾಗಿ ಸುರಿದು ಒಯ್ಯುತ್ತಿದ್ದರು. ಇದು ದೊಡ್ಡವ್ವ ಮಾಡಿದ ಪದ್ಧತಿ. ಕೇಂದ್ರದ ಕಾರ್ಯದರ್ಶಿಗೂ ಇದು ಗೊತ್ತು. ಒಂದೇ ಬೋಗುಣಿಯ ಹಾಲನ್ನು ಎರಡು ಸಲ ಯಾಕೆ ಮಷಿನ್ನಿಗೆ ಹಾಕುವುದು ಎಂದು ಆತ ಒಂದೇ ಸಲ ನೋಡಿ, ಬಂದ ಫ್ಯಾಟನ್ನು ಎರಡೂ ಕಾರ್ಡಿಗೆ ಹಾಕುತ್ತಿದ್ದ. ಸೋಮಾರಿತನಕ್ಕೆ ಇಷ್ಟು ನ್ಯಾಯವಾದ ಕಾರಣ ಸಿಗುವುದು ಅಪರೂಪ.

ಹೀಗಿರುವಾಗ ನಮ್ಮ ಸಾಹೇಬರಿಗೆ ಒಂದು ಯೋಜನೆ ಹೊಳೆಯಿತು. ವರ್ಷವಿಡೀ ಛಲೋ ಹಾಲು ಹಾಕಿದ ಹೆಣ್ಣುಮಕ್ಕಳಿಗೆ ವಾರ್ಷಿಕ ಸಭೆಯಲ್ಲಿ ಸನ್ಮಾನ, ಜೊತೆಗೆ ಒಂದು ಸ್ಟೀಲಿನ ಕ್ಯಾನು.

"ತಾಲೂಕಿಗೆ ಒಬ್ರ ನೋಡವ್ವಾ," ಎಂದರು. "ನಾಲ್ಕು ತಾಲೂಕು, ನಾಲ್ಕು ಕ್ಯಾನು. ಡೇಟಾಬೇಸಿಗೆ ಕೇಳು."

ಒಬ್ಬರೇ ಬೇಕು ಎಂದವರಿಗೆ ರೋ ನಂಬರಿಗಿಂತ ವಿಧೇಯ ಆಳು ಯಾರಿದ್ದಾನೆ? ತಾಲೂಕಿಗೊಂದು ಪಂಕ್ತಿ, ಸರಾಸರಿ ಫ್ಯಾಟು ಹೆಚ್ಚಿದ್ದವರು ಮುಂದೆ, ಒಂದನೇ ನಂಬರು ಬಂದವರನ್ನು ಮಾತ್ರ ತೋರಿಸು ಎಂದು ಬರೆದೆ. ಉತ್ತರ ಬಂತು. ಕೊಪ್ಪಳ ತಾಲೂಕಿಗೆ ನಮ್ಮವ್ವ! ನಾನು ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ. ಅವಳು ನನ್ನ ತಾಯಿ ಎಂದು ಸಾಹೇಬರಿಗೆ ಹೇಳಲಿಲ್ಲ. ಹೇಳಿದರೆ ನಾನೇ ಏನೋ ಕೈವಾಡ ಮಾಡಿದ್ದೇನೆ ಅಂದುಕೊಳ್ಳುತ್ತಿದ್ದರು. ಪಟ್ಟಿ ಕೇಂದ್ರಗಳ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿಂದ ಊರಿಗೆ. ಅವ್ವ ಅಂದು ಶೇಂಗಾ ಹೋಳಿಗೆ ಮಾಡಿ ಓಣಿಗೆ ಹಂಚಿದಳಂತೆ. ಅದಕ್ಕೆ ಬೆಲ್ಲ ಕುಟ್ಟಿ ಕೊಟ್ಟವಳು ದೊಡ್ಡವ್ವ.

ಎರಡು ದಿನ ಬಿಟ್ಟು ಯಲಬುರ್ಗಾದ ಕೆಲವು ಕೇಂದ್ರಗಳ ತಡವಾದ ಲೆಕ್ಕ ಬಂತು. ಎಲ್ಲವನ್ನೂ ಮತ್ತೆ ತುಂಬಿ ಅದೇ ಕ್ವೆರಿ ಓಡಿಸಿದೆ. ಯಲಬುರ್ಗಾದಲ್ಲಿ ಏನೂ ಬದಲಾಗಲಿಲ್ಲ. ಕೊಪ್ಪಳದಲ್ಲಿ ಅವ್ವ ಹೋಗಿ ದೊಡ್ಡವ್ವ ಬಂದು ಕೂತಿದ್ದಳು.

ನಾನು ನೋಡಿ ಏನಾಯಿತೆಂದು ತಿಳಿದುಕೊಳ್ಳುವಷ್ಟರಲ್ಲಿ ಸಾಹೇಬರು ಅದನ್ನೂ ಗುಂಪಿಗೆ ತಳ್ಳಿ ಚಹಾಕ್ಕೆ ಹೋಗಿದ್ದರು. ಆಗ ಎಲ್ಲ ಸಾಲುಗಳನ್ನೂ ತೆರೆದು ನೋಡಿದೆ. ಇಬ್ಬರ ಸರಾಸರಿಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಬೋಗುಣಿ ಒಂದೇ ಆದ ಮೇಲೆ ಇನ್ನೇನಾಗುತ್ತದೆ? ಸರಿಸಮ ಬಂದ ಇಬ್ಬರಲ್ಲಿ ರೋ ನಂಬರು ಮೊದಲ ದಿನ ಒಬ್ಬಳ ಕೈ ಹಿಡಿದಿದ್ದ, ಎರಡನೇ ಸಲ ಇನ್ನೊಬ್ಬಳದು.

ಫೋನು ಬಂತು. ಅವ್ವ.

"ನಾ ಏನ್ ತಪ್ಪು ಮಾಡೀನಿ ಅಂತ ನನ್ನ ಹೆಸರು ಹೊಡದ್ರಿ?"

"ಯವ್ವಾ, ಇಬ್ರೂ ಒಂದ ಇದ್ದೀರಿ ಬೇ. ಕಂಪ್ಯೂಟರ್ ಯಾರನ್ನರ ಒಬ್ರನ್ನ ತಗೊಂತೈತಿ."

"ಹಂಗಂದ್ರ ಅದಕ್ಕ ಆಕಿ ಮ್ಯಾಲ ಯಾಕ ಪ್ರೀತಿ?"

ಆ ಫೋನಿಟ್ಟೆ, ದೊಡ್ಡವ್ವನದು ಬಂತು. ಅವಳ ದನಿ ತಣ್ಣಗಿತ್ತು. ದೊಡ್ಡವ್ವ ತಣ್ಣಗಾದರೆ ನನಗೆ ಹೆದರಿಕೆ ಹೆಚ್ಚು.

"ಮೊದಲ ಯಾಕ ನನ್ನ ಹೆಸರು ಬರಲಿಲ್ಲ ತಂಗಿ? ನಿಮ್ಮವ್ವ ಅಂತ ಆಕಿದು ಹಾಕಿದ್ಯಾ? ಹಾಕು, ಬ್ಯಾಡ ಅನ್ನಂಗಿಲ್ಲ. ಹೋಳಿಗಿಗೆ ಬೆಲ್ಲ ಕುಟ್ಟಿದಾಕಿ ನಾನು. ಒಂದು ಮಾತು ಹೇಳಿದ್ರ ಆಗ್ತಿತ್ತು."

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ನಾನು. ಸಾಹೇಬರ ಹತ್ತಿರ ಹೋಗಿ ಇಬ್ಬರು ಸಮ ಬಂದಿದ್ದಾರೆ ಎಂದರೆ, "ಸಭೆಗೆ ಇನ್ನಾ ಟೈಮ್ ಐತಿ, ನೋಡೂಣು" ಎಂದು ಫೈಲು ಮುಚ್ಚಿದರು.

ಅವರು ನೋಡೋಣ ಎನ್ನುವಷ್ಟರಲ್ಲಿ ಮನೆಯಲ್ಲಿ ಏನಾಯಿತು ಎಂದು ನನಗೆ ಯಾರೂ ಫೋನು ಮಾಡಿ ಹೇಳಲಿಲ್ಲ. ಹೇಳಿದ್ದು ಲ್ಯಾಗ್. ಇದೂ ಒಂದು ವಿಂಡೋ ಫಂಕ್ಷನ್. ಪಂಕ್ತಿಯಲ್ಲಿ ಕೂತು ಪಕ್ಕದವರ ಎಲೆಯಲ್ಲಿ ಏನಿದೆ ಎಂದು ಬಗ್ಗಿ ನೋಡುತ್ತೇವಲ್ಲ, ಆ ಕೆಲಸವನ್ನು ನಾಚಿಕೆಯಿಲ್ಲದೆ ಮಾಡಿಕೊಡುತ್ತದೆ. ನನ್ನ ಇಬ್ಬರು ತಾಯಂದಿರ ಕಾರ್ಡುಗಳನ್ನು ದಿನಕ್ಕೊಂದು ಪಂಕ್ತಿಯಂತೆ ಕೂರಿಸಿ, ಒಬ್ಬಳ ಫ್ಯಾಟನ್ನು ಇನ್ನೊಬ್ಬಳ ಪಕ್ಕ ತರಿಸಿ ಕಳೆದು ನೋಡಿದೆ. ಸೊನ್ನೆ, ಸೊನ್ನೆ, ಸೊನ್ನೆ, ವರ್ಷಗಟ್ಟಲೆ ಸೊನ್ನೆ. ಎರಡನೇ ಪಟ್ಟಿ ಹೋದ ಮರುದಿನದಿಂದ ಸೊನ್ನೆ ಇರಲಿಲ್ಲ. ಒಬ್ಬಳದು ಮೇಲೆ ಹೋಗಿತ್ತು, ಒಬ್ಬಳದು ಕೆಳಗೆ ಇಳಿದಿತ್ತು. ಬೋಗುಣಿ ಎರಡಾಗಿತ್ತು.

ನಮ್ಮಂಥ ಮನೆಗಳಲ್ಲಿ ಮೊದಲು ಬೋಗುಣಿ ಬೇರೆಯಾಗುತ್ತದೆ, ಆಮೇಲೆ ಹಿಟ್ಟಿನ ಡಬ್ಬಿ, ಆಮೇಲೆ ಒಲೆ. ಒಲೆ ಬೇರೆಯಾದ ಮೇಲೆ ನಡುಗೋಡೆ ಏಳುವುದಕ್ಕೆ ಬರೀ ಇಟ್ಟಿಗೆ ಬರುವುದು ಬಾಕಿ. ದೊಡ್ಡಪ್ಪನಿಗೆ ಫೋನು ಹಚ್ಚಿದೆ.

"ಏನ್ ಹೇಳ್ಲಿ ಮಗಳ. ಇಬ್ರೂ ಮುಂದಿನ ವರ್ಷದ ಕ್ಯಾನಿಗೆ ಈಗಿಂದ ತಯಾರಿ ನಡಸ್ಯಾರ. ಎಮ್ಮಿಗೋಳಿಗೆ ಹತ್ತಿಕಾಳು, ಹಿಂಡಿ. ನನಗ, ನಿಮ್ಮಪ್ಪಗ ಬರೇ ರೊಟ್ಟಿ ಚಟ್ನಿ. ನಿಮ್ಮವ್ವ ಬ್ಯಾರೆ ಗ್ಯಾಸಿನ ಒಲಿ ಬೇಕು ಅನ್ನಾಕತ್ಯಾಳ."

ಆ ಭಾನುವಾರ ಊರಿಗೆ ಹೋದೆ. ಸಂಜೆ ಅವ್ವ ನನ್ನ ರಟ್ಟೆ ಹಿಡಿದು ಹಾಲಿನ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅವಳ ಹಾಲಿಗೆ ಫ್ಯಾಟು ಕಡಿಮೆ ತೋರಿಸುತ್ತಿತ್ತು. ಕಾರ್ಯದರ್ಶಿ ಮೋಸ ಮಾಡುತ್ತಿದ್ದಾನೆ, ಓದಿದ ಮಗಳು ಬಂದು ಹಿಡಿಯಬೇಕು ಎಂಬುದು ಅವಳ ಯೋಜನೆ.

"ಹೊಳ್ಳಿ ನೋಡ್ರಿ," ಎಂದಳು.

ಆತ ಮತ್ತೆ ನೋಡಿದ. ಅಷ್ಟೇ ಬಂತು.

"ನಿಮ್ಮ ಮಷಿನ್ ಕೆಟ್ಟೈತಿ."

"ಮಷಿನ್ ಕೆಟ್ಟಿದ್ರ ನಿಮ್ಮಕ್ಕಾರ ಹಾಲಿಗೂ ಕಡಿಮಿ ತೋರಿಸಬೇಕಿತ್ತಲ್ರಿ ಅವ್ವಾರ. ಅವರದು ಏರೈತಿ, ನಿಮ್ದು ಇಳದೈತಿ. ಮೊದಲ ಎರಡೂ ಕೂಡಿ ನಡುವ ನಿಂದರತಿತ್ತು."

ಆತ ಹೇಳಿದ್ದರ ಅರ್ಥ ನನಗೂ ಅವ್ವನಿಗೂ ಒಂದೇ ಹೊತ್ತಿಗೆ ಆಯಿತು. ತವರಿನ ಎಮ್ಮೆಯ ಹಾಲು ತೆಳ್ಳಗೆ. ಇಷ್ಟು ವರ್ಷ ಅದನ್ನು ಎತ್ತಿ ಹಿಡಿದದ್ದು ದೊಡ್ಡವ್ವನ ಎಮ್ಮೆಯ ಹಾಲು. ದಾರಿಯುದ್ದಕ್ಕೂ ಅವ್ವ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು.

ಮನೆಗೆ ಬಂದಾಗ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಬಾಗಿಲಲ್ಲೇ ನಿಂತು ಕೇಳಿದಳು.

"ಅಕ್ಕಾ, ನನ್ನ ಎಮ್ಮಿ ಹಾಲು ತೆಳ್ಳಗ ಐತಿ ಅಂತ ನಿನಗ ಗೊತ್ತಿತ್ತೇನು?"

ದೊಡ್ಡವ್ವ ಬಡಿಯುವುದನ್ನು ನಿಲ್ಲಿಸಲಿಲ್ಲ. "ತಂದು ಕಟ್ಟಿದ ವಾರದಾಗ ಗೊತ್ತಾತು. ಕಾಸಿದ್ರ ಕೆನಿ ಕಟ್ಟಲಿಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿಮ್ಮಣ್ಣ ಅಷ್ಟು ದೂರದಿಂದ ಅರಿಷಿಣ ಹಚ್ಚಿ ತಂದಾನ. ನೀ ಓಣಿಗೆಲ್ಲ ತೋರಿಸಿ ಬಂದೀದಿ. ನಿನ್ನ ತವರಿನವರು ತೆಳ್ಳನ ಹಾಲಿನ ಎಮ್ಮಿ ದಾಟಿಸ್ಯಾರ ಅಂತ ಡಂಗುರ ಹೊಡೀಲೇನು? ಬೋಗುಣಿ ಒಂದ ಮಾಡಿದೆ. ಮಾತು ಅಲ್ಲಿಗೆ ಮುಗೀತು."

ಈಗ ಅವ್ವ ಹೋಗಿ ಅಕ್ಕನನ್ನು ತಬ್ಬಿಕೊಳ್ಳುತ್ತಾಳೆ, ಕತೆ ಮುಗಿಯುತ್ತದೆ ಎಂದು ಕಾದು ನಿಂತೆ. ಅವಳು ತಬ್ಬಲಿಲ್ಲ. ಹಿತ್ತಿಲಿಗೆ ಹೋಗಿ ಎಮ್ಮೆಯ ಮುಂದೆ ಸ್ವಲ್ಪ ಹೊತ್ತು ಕೂತಳು. ಎಮ್ಮೆ ನಿಶ್ಚಿಂತೆಯಿಂದ ಹತ್ತಿಕಾಳು ತಿನ್ನುತ್ತಿತ್ತು. ಎದ್ದು ಬಂದವಳೇ ಸೆರಗು ಸಿಕ್ಕಿಸಿಕೊಂಡು ಹೇಳಿದಳು.

"ಇಷ್ಟು ದಿನ ನಿನ್ನ ಹಾಲು ನನ್ನ ಹೆಸರಿಲೆ ಹೋಗೈತಿ. ಇನ್ನ ಮ್ಯಾಲ ಬ್ಯಾಡ. ನಂದು ತೆಳ್ಳಗಿದ್ರ ತೆಳ್ಳಗ. ನಂದು ನನಗ, ನಿಂದು ನಿನಗ."

"ನಿನ್ನ ಮರ್ಜಿ," ಎಂದಳು ದೊಡ್ಡವ್ವ. ಆದರೆ ಆ ರೊಟ್ಟಿ ಮಾತ್ರ ಹರಿದುಹೋಯಿತು.

ಸಿಟ್ಟಿನಿಂದ ಬೇರೆಯಾದವರು ಸಿಟ್ಟು ಇಳಿದ ಮೇಲೆ ಕೂಡುತ್ತಾರೆ. ಮಾನಕ್ಕೆ ಬಿದ್ದು ಬೇರೆಯಾದವರನ್ನು ಕೂಡಿಸುವುದು ಯಾರ ಕೈಯಲ್ಲಾಗುತ್ತದೆ? ಕೊಪ್ಪಳದ ಬಸ್ಸಿನಲ್ಲಿ ಕೂತು ಅತ್ತೆ. ನಾನು ಉಂಡು ಬೆಳೆದ ಒಲೆ ಅದು, ಒಂದೇ ಒಲೆ. ಅಳುವುದರ ನಡುವೆ ಇಬ್ಬರ ಮೇಲೂ ಸಿಟ್ಟು ಬಂತು. ಬೆಳೆದು ನಿಂತ ಹೆಂಗಸರು! ಬಸ್ಸು ಕೊಪ್ಪಳ ಮುಟ್ಟುವ ಹೊತ್ತಿಗೆ ಅಳು ನಿಂತಿತ್ತು, ತಲೆಯಲ್ಲಿ ಒಂದು ಕಿತಾಪತಿ ಹುಟ್ಟಿತ್ತು.

ಮರುದಿನ ಕ್ವೆರಿಯಲ್ಲಿ ರೋ ನಂಬರನ್ನು ಎಬ್ಬಿಸಿ ಕಳಿಸಿ ಆ ಜಾಗದಲ್ಲಿ ರ್ಯಾಂಕ್ ಅನ್ನು ಕೂರಿಸಿದೆ. ಇವನು ಮುಖ ನೋಡಿ ನಂಬರು ಕೊಡುವವನು. ಸರಿಸಮ ಇದ್ದವರಿಗೆ ಸರಿಸಮ. ಪ್ರಶಸ್ತಿ ಹೋದ ವರ್ಷದ ಹಾಲಿಗೆ, ಆ ವರ್ಷದಲ್ಲಿ ಬೋಗುಣಿ ಒಂದೇ ಇತ್ತು. ಕೊಪ್ಪಳ ತಾಲೂಕಿನಲ್ಲಿ ಇಬ್ಬರು ಒಂದನೆಯವರು ಬಂದರು. ಪಟ್ಟಿ ಹಿಡಿದು ಸಾಹೇಬರ ಮುಂದೆ ನಿಂತೆ.

"ಇಬ್ರು? ಹಂಗಾದ್ರ ಇನ್ನೊಂದು ಕ್ಯಾನು ತರಸಬೇಕಾತು."

"ಬ್ಯಾಡ್ರಿ ಸರ್. ಇಬ್ರೂ ಒಂದ ಮನಿಯವರು. ಒಂದ ಸಾಕು, ಎರಡು ಇಡಾಕ ಅವರ ಮನ್ಯಾಗ ಜಾಗಾ ಇಲ್ರಿ."

"ಅದು ನಿನಗ ಹೆಂಗ ಗೊತ್ತು?"

"ಡೇಟಾಬೇಸಿನಾಗ ಐತ್ರಿ."

ಸಾಹೇಬರು ಭಕ್ತಿಯಿಂದ ತಲೆದೂಗಿದರು.

"ಮತ್ತ ಸರ್, ಸಣ್ಣ ಕ್ಯಾನು ಬ್ಯಾಡ್ರಿ. ನಾಲ್ಕೂ ದೊಡ್ಡವ ತರಸ್ರಿ, ಫೋಟೋದಾಗ ಛಲೋ ಕಾಣ್ತಾವು."

ಸಭೆಯ ದಿನ ಸಭಾಂಗಣದ ಗೋಡೆಗೆ ತಾಲೂಕುವಾರು ಪಟ್ಟಿ ಅಂಟಿಸಿದ್ದೆವು. ಕಾರ್ಯಕ್ರಮ ಶುರುವಾಗುವ ಮುಂಚೆಯೇ ಗಿಣಿಗೇರಾ ಕಡೆಯ ಒಬ್ಬ ಹೆಣ್ಣುಮಗಳು ನನ್ನನ್ನು ಹಿಡಿದಳು. ಅವಳ ಹಿಂದೆ ರಾತ್ರಿ ಪಾಳಿ ಮುಗಿಸಿ ಬಂದು ನಿಂತಲ್ಲೇ ತೂಕಡಿಸುವ ಗಂಡ.

"ನಂದು ಮೂರನೇ ನಂಬರಂತ. ಎರಡನೇದು ಯಾರದ್ರಿ?"

"ಯಾರೂ ಇಲ್ರಿ. ಇಬ್ರು ಒಂದನೆಯವರು ಬಂದಾರ. ಅದಕ್ಕ ನಿಮಗ ಮೂರು."

"ಇಲ್ಲದವರ ಹಿಂದ ನಾ ಯಾಕ್ರಿ ನಿಂದರಲಿ?"

ಸರಿಸಮರಿಗೆ ಒಂದೇ ನಂಬರು ಕೊಟ್ಟು ಮುಂದಿನವರಿಗೆ ಜಾಗ ಬಿಡದೆ ಎಣಿಸುವ ಇನ್ನೊಬ್ಬನಿದ್ದಾನೆ, ಡೆನ್ಸ್ ರ್ಯಾಂಕ್. ಓಡಿಹೋಗಿ ಅವನನ್ನು ಹಾಕಿ ಹೊಸ ಪಟ್ಟಿ ತೆಗೆದು ಹಳೆಯದರ ಮೇಲೆ ಅಂಟಿಸಿದೆ. ಅವಳು ಎರಡನೆಯವಳಾದಳು. ಗಂಡನನ್ನು ತಿವಿದು ಎಬ್ಬಿಸಿ ತೋರಿಸಿದಳು.

ವೇದಿಕೆಗೆ ಅವ್ವ ದೊಡ್ಡವ್ವ ಇಬ್ಬರನ್ನೂ ಒಟ್ಟಿಗೆ ಕರೆದರು. ಸಾಹೇಬರು ಕ್ಯಾನು ಎತ್ತಿ ಹಿಡಿದರು. ಅವ್ವ ದೊಡ್ಡವ್ವನ ಕಡೆ ಕೈ ತೋರಿಸಿದಳು. ದೊಡ್ಡವ್ವ ಅವ್ವನ ಕಡೆ ಕೈ ತೋರಿಸಿದಳು. ಭಾರಕ್ಕೆ ಸಾಹೇಬರ ತೋಳು ಕೆಳಗಿಳಿಯತೊಡಗಿತು. ಕ್ಯಾನು ಇನ್ನೇನು ಬೀಳುತ್ತದೆ ಎನ್ನುವಾಗ ಇಬ್ಬರೂ ಒಂದೊಂದು ಹಿಡಿಕೆ ಹಿಡಿದರು. ಫೋಟೋದಲ್ಲಿ ಒಬ್ಬಳು ಪೂರ್ವಕ್ಕೆ, ಒಬ್ಬಳು ಪಶ್ಚಿಮಕ್ಕೆ ನೋಡುತ್ತಿದ್ದಾರೆ.

ಬಸ್ ನಿಲ್ದಾಣದವರೆಗೂ ಹೋಗಿ ಹತ್ತಿಸಿದೆ. ಸೀಟಿನಲ್ಲಿ ಇಬ್ಬರ ನಡುವೆ ಕ್ಯಾನು ಕೂತಿತ್ತು. ಕಂಡಕ್ಟರು ಬಂದು, "ಹೆಣ್ಣಮಕ್ಕಳಿಗೆ ಫ್ರೀ ಐತಿ, ಇದಕ್ಕಿಲ್ಲ. ಯಾರದಿದು?" ಎಂದ.

"ಆಕಿದು," ಎಂದರು ಇಬ್ಬರೂ, ಒಟ್ಟಿಗೆ.

ಕಿಟಕಿಯ ಕೆಳಗೆ ನಿಂತು ನಾನು ನಕ್ಕೆ. ದೊಡ್ಡವ್ವ ಗುರುಗುಟ್ಟಿ ನೋಡಿದಳು. ಬಸ್ಸು ಹೊರಟ ಮೇಲೆ ನಗು ಉಳಿಯಲಿಲ್ಲ. ಕ್ಯಾನನ್ನು ಅಟ್ಟಕ್ಕೆ ಎಸೆದು ಗ್ಯಾಸಿನ ಒಲೆ ತಂದುಬಿಟ್ಟರೆ ನನ್ನ ಕಿತಾಪತಿ ಅಲ್ಲಿಗೆ ಮುಗಿದಂತೆ.

ಮರುದಿನ ಕಚೇರಿಗೆ ಎಲ್ಲರಿಗಿಂತ ಮೊದಲು ಹೋದೆ. ಬೆಳಗಿನ ಹಾಲಿನ ಲೆಕ್ಕ ಬರುತ್ತಿತ್ತು. ನಮ್ಮೂರಿನದು ಬಂದೊಡನೆ ಲ್ಯಾಗ್ ಓಡಿಸಿ, ಪಕ್ಕದ ಎಲೆಗೆ ಬಗ್ಗಿ ನೋಡಿದೆ.

ಸೊನ್ನೆ.

ಫೋನು ಹಚ್ಚಿದೆ. ಅವ್ವ ಎತ್ತಿದಳು. ಹಿಂದುಗಡೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಏನಬೇ ಯವ್ವಾ, ಹೊಳ್ಳಿ ಕೂಡಿಸಿದ್ರೇನು?"

"ಯಾರು ಕೂಡಿಸ್ಯಾರ? ನಂದು ನನಗ, ಆಕಿದು ಆಕಿಗೆ," ಎಂದಳು ಅವ್ವ. "ಆ ಸುಡುಗಾಡು ಕ್ಯಾನು ಭಾಳ ದೊಡ್ಡದೈತಿ. ಫಸ್ಟ್ ಬಂದ ಮನಿಯವರು ಅರ್ಧ ಕ್ಯಾನು ಹೊತ್ಗೊಂಡು ಹೊಂಟ್ರ ಮಂದಿ ನಗಂಗಿಲ್ಲೇನು?"